ಕೋವಿನ್ ಸರ್ಟಿಫಿಕೇಟ್: ಹಾಸನದ ಸೈಬರ್ ಅಂಗಡಿಯಿಂದ ಒಂದು ರಿವ್ಯೂ

ಹಾಸನದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ನಾನೊಂದು ಸೈಬರ್ ಅಂಗಡಿ ನಡೆಸುತ್ತೇನೆ. ಜೆರಾಕ್ಸ್, ಪಹಣಿ, ಜಾತಿ-ಆದಾಯ ಸರ್ಟಿಫಿಕೇಟಿನ ಅರ್ಜಿ, ಪರೀಕ್ಷೆಯ ಹಾಲ್ ಟಿಕೆಟ್, ಲ್ಯಾಮಿನೇಷನ್, ಎಲ್ಲವೂ ಉಂಟು. ಬೆಳಗ್ಗೆಯಿಂದ ಸಂಜೆತನಕ ಸರ್ಕಾರದ ಒಂದಲ್ಲ ಒಂದು ವೆಬ್‌ಸೈಟ್ ತೆರೆದುಕೊಂಡೇ ಕೂತಿರುತ್ತೇನೆ. ಅದರಲ್ಲಿ ಒಂದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಅದು ಕೋವಿನ್, ಕೊರೊನಾ ಲಸಿಕೆಯ ಸರ್ಟಿಫಿಕೇಟ್ ಕೊಡುವ ಸೇವೆ.

ಕೊರೊನಾ ಮುಗಿದು ಇಷ್ಟು ದಿನ ಆಯ್ತಲ್ಲ, ಈಗ್ಯಾಕೆ ಅಂತ ಕೇಳಬಹುದು. ನಮ್ಮೂರಲ್ಲಿ ಅದು ಇನ್ನೂ ಮುಗಿದಿಲ್ಲ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂತು. ಟೀವಿಯಲ್ಲಿ ದಿನಾ ಸತ್ತವರ ಲೆಕ್ಕ. ಚಿಕ್ಕ ವಯಸ್ಸಿನವರು, ಆಟೋ ಓಡಿಸುವವರು, ಮನೆಗೆ ಆಧಾರವಾಗಿದ್ದವರು. ಆಗ ಜನ ನನ್ನ ಅಂಗಡಿಗೆ ಬಂದು ಕೇಳಿದ್ದು ಈ ಲಸಿಕೆ ಸರ್ಟಿಫಿಕೇಟನ್ನೇ. 2021ರಲ್ಲಿ ಎಲ್ಲಾದರೂ ಒಳಗೆ ಬಿಡಲಿ ಅಂತ ಈ ಕಾಗದಕ್ಕೆ ಸಾಲು ನಿಂತಿದ್ದರು. ನಾಲ್ಕು ವರ್ಷ ಆದಮೇಲೆ ಅದೇ ಮುಖಗಳು, "ನಂಗೆ ಹಾಕಿದ್ದು ಯಾವ್ದು ನೋಡಿ ಹೇಳಿ" ಅಂತ ಹೆದರಿಕೊಂಡು ಬಂದವು. ಈ ಎರಡೂ ಹೊತ್ತಿನಲ್ಲಿ ಈ ಸೇವೆಯನ್ನು ಬಳಸಿದವಳಾಗಿ ನನಗೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದದ ವಿಷಯ. ಒಂದೇ ಪುಟ. ಮೇಲೆ ಹೆಸರು, ವಯಸ್ಸು, ಯಾವ ಗುರುತಿನ ಚೀಟಿ ತೋರಿಸಿದ್ದರು ಅನ್ನುವುದು, ಒಂದು ರೆಫರೆನ್ಸ್ ಐಡಿ. ಅದರ ಕೆಳಗೆ ಲಸಿಕೆಯ ಹೆಸರು, ಡೋಸ್ ಹಾಕಿದ ತಾರೀಖು, ಬ್ಯಾಚ್ ನಂಬರ್, ಸೂಜಿ ಚುಚ್ಚಿದ ಸಿಸ್ಟರ್ ಹೆಸರು, ಕೇಂದ್ರದ ಹೆಸರು. ಜೊತೆಗೆ ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಿದರೆ ಕಾಗದ ಅಸಲಿಯೋ ನಕಲಿಯೋ ಅಂತ ತಿಳಿಯುತ್ತದೆ. ಪ್ರಧಾನಿಯವರ ಫೋಟೊ ಇರುತ್ತಿತ್ತು. 2024ರ ಲೋಕಸಭೆ ಚುನಾವಣೆ ಹೊತ್ತಲ್ಲಿ ನೀತಿಸಂಹಿತೆ ಅಂತ ಅದನ್ನು ತೆಗೆದರು. ಅದೇ ಹೊತ್ತಿಗೆ, ಕೋವಿಶೀಲ್ಡಿನ ಮೂಲ ಕಂಪನಿ ಆಸ್ಟ್ರಾಜೆನೆಕಾ ತನ್ನ ಲಸಿಕೆಯಿಂದ ಅಪರೂಪಕ್ಕೆ ತೊಂದರೆ ಆಗಬಹುದು ಅಂತ ಒಪ್ಪಿದ ಸುದ್ದಿಯೂ ಬಂದಿತ್ತಲ್ಲ, "ಫೋಟೊ ಓಡಿಹೋಯ್ತು, ಏನೋ ತಪ್ಪಿದೆ" ಅಂತ ಫಾರ್ವರ್ಡ್ ಹರಿದಾಡಿತು. ಚುನಾವಣೆ ಅಂತ ಸರ್ಕಾರ ಹೇಳಿದ ಕಾರಣ ಎಷ್ಟು ಜನರಿಗೆ ತಲುಪಿತೋ ಕಾಣೆ, ಫಾರ್ವರ್ಡ್ ಮಾತ್ರ ಎಲ್ಲರಿಗೂ ತಲುಪಿತು.

ನನ್ನ ಕೇಳಿದರೆ ಈ ಕಾಗದದ ಬೆಲೆ ಇರುವುದು ಎರಡು ಸಾಲಲ್ಲಿ. ಲಸಿಕೆಯ ಹೆಸರು, ಹಾಕಿದ ತಾರೀಖು. ಯಾಕೆ ಅನ್ನುವುದು ಆಮೇಲೆ.

ಸೇವೆಯ ನಡೆ ಹೀಗಿದೆ. ಮೊಬೈಲ್ ನಂಬರ್ ಹಾಕಬೇಕು, ಓಟಿಪಿ ಬರುತ್ತದೆ, ಅದನ್ನು ಹಾಕಿದರೆ ಆ ನಂಬರಿನಲ್ಲಿ ಹೆಸರು ಬರೆಸಿದವರೆಲ್ಲ ಕಾಣುತ್ತಾರೆ. ಮೊದಲು ಒಂದು ನಂಬರಿಗೆ ನಾಲ್ಕೇ ಜನ ಅಂತ ಇತ್ತು, 2022ರ ಜನವರಿಯಲ್ಲಿ ಆರಕ್ಕೆ ಏರಿಸಿದರು. ಫೋನ್ ಕೈಯಲ್ಲಿದ್ದು ನಂಬರ್ ಬದಲಾಗದಿದ್ದವರಿಗೆ ಎರಡು ನಿಮಿಷದ ಕೆಲಸ. ಪಹಣಿ ತೆಗೆಯುವುದಕ್ಕಿಂತ ಸಲೀಸು. ಸರ್ವರ್ ಸಿಗಲಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಿದ ನೆನಪು ನನಗಿಲ್ಲ. ಡಿಜಿಲಾಕರ್, ಉಮಂಗ್ ಆಪ್‌ಗಳಲ್ಲೂ ಸಿಗುತ್ತದೆ.

ಹಳ್ಳಿಯವರ ಕಥೆ ಬೇರೆ. ದುದ್ದದ ಕಡೆಯ ಒಬ್ಬ ಅಜ್ಜಿ ಬಂದಿದ್ದರು, ಮಗನ ಜೊತೆ.

"ಯಾವ ನಂಬರ್ ಕೊಟ್ಟಿದ್ರಿ ಅಜ್ಜಿ?"

"ನಂಗೇನ್ ಗೊತ್ತವ್ವ. ಆಶಾದವರು ಬರ್ಕೊಂಡ್ರು. ಕೈ ಕೊಡಿ ಅಂದ್ರು, ಕೊಟ್ಟೆ."

ಮಗನ ನಂಬರ್ ಹಾಕಿದೆ, ಇಲ್ಲ. ಸೊಸೆಯದು, ಇಲ್ಲ. ಪಕ್ಕದ ಮನೆಯವರದು ಇರಬಹುದು ಅಂದರು, ಅದೂ ಇಲ್ಲ. ಕೊನೆಗೆ ಆಶಾ ಕಾರ್ಯಕರ್ತೆಗೇ ಫೋನ್ ಮಾಡಿಸಿದೆ. ಅವರು ಎಲ್ಲೋ ಬಾಣಂತಿ ಮನೆಯಲ್ಲಿದ್ದರು. "ಅವರದ್ದು ನನ್ನ ನಂಬರಲ್ಲೇ ಇದೆ ಮೇಡಂ, ಓಟಿಪಿ ಬಂದ ತಕ್ಷಣ ಹೇಳ್ತೀನಿ, ಲೈನಲ್ಲೇ ಇರಿ" ಅಂದರು. ಹೇಳಿದರು. ಅಜ್ಜಿಯ ಹೆಸರು ಸ್ಕ್ರೀನಿನ ಮೇಲೆ ಬಂತು. ಈ ಆಶಾದವರ ಉಪಕಾರವನ್ನು ಯಾವ ರೇಟಿಂಗಿನಲ್ಲಿ ಸೇರಿಸುವುದು ಅಂತ ನನಗೆ ತಿಳಿಯದು. ಊರಿನವರಲ್ಲಿ ಯಾರ ಹತ್ತಿರ ಫೋನಿಲ್ಲ ಅಂತ ಗೊತ್ತಿದ್ದವರು ಅವರೊಬ್ಬರೇ. ಓಟಿಪಿ ಇಲ್ಲದೆ ಈ ಬಾಗಿಲು ತೆರೆಯದು ಅನ್ನುವುದನ್ನು ಈ ಸೇವೆಯ ದೊಡ್ಡ ಕೊರತೆ ಅಂತಲೇ ನಾನು ಬರೆಯುತ್ತೇನೆ. ಫೋನಿಲ್ಲದ ಮನುಷ್ಯನ ದೇಹಕ್ಕೆ ಹಾಕಿದ ಲಸಿಕೆಯ ವಿವರ, ಅದನ್ನು ನೋಡಲು ಮಾತ್ರ ಇನ್ನೊಬ್ಬರ ಫೋನ್ ಬೇಕು.

ತಿದ್ದುಪಡಿಗೆ ದಾರಿ ಇಟ್ಟಿದ್ದಾರೆ, ಅದು ಒಳ್ಳೆಯದು. ಹೆಸರು, ಹುಟ್ಟಿದ ವರ್ಷ, ಲಿಂಗ ತಪ್ಪಾಗಿದ್ದರೆ ಸರಿಮಾಡಬಹುದು. ಎರಡು ಡೋಸಿಗೂ ಬೇರೆ ಬೇರೆ ನಂಬರ್ ಕೊಟ್ಟು, ಎರಡೂ ಕಡೆ ಮೊದಲ ಡೋಸ್ ಅಂತಲೇ ಬಂದಿದ್ದರೆ ಜೋಡಿಸಬಹುದು. ಪಾಸ್‌ಪೋರ್ಟ್ ನಂಬರ್ ಸೇರಿಸಬಹುದು. ಇದರಿಂದ ಹೊರದೇಶಕ್ಕೆ ಹೊರಟ ಹುಡುಗರಿಗೆ ನಿಜಕ್ಕೂ ಅನುಕೂಲ ಆಯಿತು. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ ನಮ್ಮ ಕೋವಿಶೀಲ್ಡನ್ನು ಒಪ್ಪಿದರೂ ನಮ್ಮ ಸರ್ಟಿಫಿಕೇಟನ್ನು ಒಪ್ಪಿರಲಿಲ್ಲ. ಅಕ್ಟೋಬರ್ 11ರಿಂದ ಒಪ್ಪಿದರು. ಆ ನಡುವೆ ಪೂರ್ತಿ ಹುಟ್ಟಿದ ತಾರೀಖು ಬರುವ ಹಾಗೆ ಸರ್ಟಿಫಿಕೇಟನ್ನೂ ಬದಲಿಸಿದರು. ಓದಲು ಹೊರಟ ಹುಡುಗಿಯೊಬ್ಬಳಿಗೆ ಹೊಸದನ್ನು ತೆಗೆದುಕೊಟ್ಟಾಗ ಅವಳ ಅಪ್ಪ ಕಾಗದವನ್ನು ಎರಡು ಸಲ ಓದಿ, ಮಡಚದೆ, ಫೈಲಿನಲ್ಲಿ ಇಟ್ಟುಕೊಂಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ನಿರ್ಬಂಧಗಳ ಕಾಲಕ್ಕೆ ಬರುತ್ತೇನೆ.

ಎರಡನೇ ಅಲೆಯ ಲಾಕ್‌ಡೌನ್ 2021ರ ಜೂನ್ 14ಕ್ಕೆ ರಾಜ್ಯದ ಹೆಚ್ಚಿನ ಕಡೆ ಸಡಿಲ ಆಯಿತು. 11 ಜಿಲ್ಲೆಗಳಲ್ಲಿ ಆಗಲಿಲ್ಲ. ಹಾಸನ ಅದರಲ್ಲೊಂದು, ಪಕ್ಕದ ಚಿಕ್ಕಮಗಳೂರೂ ಸೇರಿತ್ತು. ಬೆಂಗಳೂರಲ್ಲಿ ಅಂಗಡಿ ತೆಗೆದರು ಅಂತ ಸುದ್ದಿ ನೋಡುತ್ತಾ ನಾವಿಲ್ಲಿ ಶಟರ್ ಎಳೆದುಕೊಂಡು ಕೂತಿದ್ದೆವು. ಸೋಂಕು ಜಾಸ್ತಿ ಇತ್ತು, ಅದು ಸತ್ಯ. ನನ್ನ ಬೀದಿಯಲ್ಲೇ ಸಾವು ಕಂಡಿದ್ದೇನೆ. ಆ ನಿರ್ಬಂಧ ಬೇಡವಾಗಿತ್ತು ಅಂತ ನಾನು ಇವತ್ತೂ ಹೇಳುವುದಿಲ್ಲ.

ಡಿಸೆಂಬರಿನಲ್ಲಿ ಬಂದದ್ದು ಬೇರೆ ತರಹದ್ದು. ಬೆಂಗಳೂರಿನಲ್ಲಿ ದೇಶದ ಮೊದಲ ಎರಡು ಒಮಿಕ್ರಾನ್ ಕೇಸು ಸಿಕ್ಕಿದ ಮೇಲೆ, ಮಾಲ್‌ಗೆ, ಸಿನಿಮಾ ಥಿಯೇಟರಿಗೆ ಎರಡು ಡೋಸ್ ಆದವರಿಗೆ ಮಾತ್ರ ಪ್ರವೇಶ ಅಂತ ರಾಜ್ಯ ಸರ್ಕಾರ ಹೇಳಿತು. ಶಾಲೆಗೆ ಹೋಗುವ ಮಕ್ಕಳ ಅಪ್ಪ-ಅಮ್ಮನಿಗೂ ಎರಡು ಡೋಸ್ ಕಡ್ಡಾಯ ಅಂದರು. ಅದಕ್ಕೂ ಮುಂಚೆ ಚಾಮರಾಜನಗರದಲ್ಲಿ "ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ" ಅನ್ನುವ ಮಾತು ಎದ್ದು ಗಲಾಟೆ ಆಗಿತ್ತು. ನನ್ನ ಅಂಗಡಿ ಮುಂದೆ ಆಗ ಬೆಳಗ್ಗೆ ಎಂಟಕ್ಕೇ ಜನ. ಕೂಲಿಗೆ ಹೋಗುವ ಹೆಂಗಸರು, ಮಗುವಿನ ಶಾಲೆಗೆ ತೋರಿಸಬೇಕು ಅಂತ ಅರ್ಧ ದಿನದ ಕೂಲಿ ಬಿಟ್ಟು ಬರುತ್ತಿದ್ದರು. ಪ್ರಿಂಟಿಗೆ 10 ರೂಪಾಯಿ. ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. "ಹಾಕಿಸ್ಕೊಂಡ್ರೆ ಏನ್ ಉಪಯೋಗ" ಅನ್ನುವ ಪ್ರಶ್ನೆ ಆ ಸಾಲಿನಲ್ಲಿ ನನಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು "ಹಾಕಿಸ್ಕೊಳ್ದಿದ್ರೆ ಏನ್ ಮಾಡ್ತಾರೆ" ಅನ್ನುವುದು.

ಈ ಸೇವೆಯ ಬಗ್ಗೆ ನನ್ನ ಮುಖ್ಯ ದೂರು ಇಲ್ಲೇ ಇರುವುದು. ತಪ್ಪು ವೆಬ್‌ಸೈಟಿನದ್ದಲ್ಲ, ಅದನ್ನು ಬಳಸಿದ ರೀತಿಯದ್ದು. ಲಸಿಕೆ ಮನುಷ್ಯನನ್ನು ಕಾಯಲು ಇರುವಂಥದ್ದು. ನಮ್ಮ ಜನ ಅದನ್ನು ಗೇಟ್ ಪಾಸ್ ಅಂತ ತಿಳಿದರು, ಹಾಗೆ ತಿಳಿಯುವಂತೆ ನಾವೆಲ್ಲ ಸೇರಿ ಮಾಡಿದೆವು. 2022ರ ಮೇ 2ರಂದು ಸುಪ್ರೀಂ ಕೋರ್ಟ್, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಅಂತ ಹೇಳಿತು. ಲಸಿಕೆ ಹಾಕಿಸದವರ ಮೇಲೆ ಹೇರಿದ ನಿರ್ಬಂಧಗಳು ಅಳತೆ ಮೀರಿದವು ಅಂತಲೂ ಹೇಳಿತು. ಅದೇ ತೀರ್ಪಿನಲ್ಲಿ ಸರ್ಕಾರದ ಲಸಿಕೆ ನೀತಿ ಸರಿಯಿಲ್ಲ ಅನ್ನಲು ಆಗುವುದಿಲ್ಲ ಅಂತಲೂ ಇತ್ತು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಿದ ಒಂದು ಫಾರ್ವರ್ಡನ್ನೂ ನಾನು ನೋಡಲಿಲ್ಲ. ಒಂದು ಗುಂಪು ಅರ್ಧ ಕಳಿಸಿತು, ಇನ್ನೊಂದು ಗುಂಪು ಉಳಿದರ್ಧ ಕಳಿಸಿತು.

ತಿಳಿಸಿ ಹೇಳದೆ ಒತ್ತಾಯ ಮಾಡಿ ಹಾಕಿಸಿದ್ದರ ಮೇಲೆ ಅನುಮಾನ ಒಳಗೇ ಕೂತಿರುತ್ತದೆ. ಎದೆ ನೋವು ಅಂತ ಪಕ್ಕದ ಮನೆಯವರು ಸತ್ತಾಗ ಅದು ಹೊರಗೆ ಬರುತ್ತದೆ. ಹಾಸನದಲ್ಲಿ ಆದದ್ದು ಇದೇ ಅಂತ ನಾನು ನಂಬಿದ್ದೇನೆ.

2025ರ ಜುಲೈ ಮೊದಲ ವಾರ ನೆನಪಿಸಿಕೊಳ್ಳಿ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಈ ಸಾವುಗಳಿಗೆ ಒಂದು ಕಾರಣ ಇರಬಹುದು ಅನ್ನುವ ಅರ್ಥದಲ್ಲಿ ಬರೆದರು. ಮಾರನೇ ದಿನ ಕೇಂದ್ರ ಆರೋಗ್ಯ ಇಲಾಖೆ, ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆ ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಯ ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ ಅಂದಿತು. ಬಯೋಕಾನ್ ಔಷಧ ಕಂಪನಿಯ ಕಿರಣ್ ಮಜುಂದಾರ್ ಶಾ ಅವರೂ ಮುಖ್ಯಮಂತ್ರಿಯ ಮಾತು ಸರಿಯಲ್ಲ ಅಂದರು. ದೊಡ್ಡವರ ಮಾತು ಮೇಲೆ ನಡೆಯುತ್ತಿತ್ತು. ಕೆಳಗೆ ನಮ್ಮ ಜನ ಬೆಳಗಿನ ಜಾವದ ಬಸ್ಸು ಹತ್ತಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಕ್ಯೂ ನಿಂತರು. ಹೋಗುವ ಮುಂಚೆ ಎಷ್ಟೋ ಜನ ನನ್ನ ಅಂಗಡಿಗೆ ಬಂದರು. "ಡಾಕ್ಟರ್ ಕೇಳಿದ್ರೆ ತೋರಿಸ್ಬೇಕಲ್ಲ."

ಆಗ ಬಂದ ಒಬ್ಬ ಆಟೋ ಅಣ್ಣನ ಜೊತೆ ಆಡಿದ ಮಾತು ಹೇಳಬೇಕು. ನಲವತ್ತರ ಆಸುಪಾಸು ವಯಸ್ಸು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಇಂಗ್ಲಿಷಿನಲ್ಲಿ ಯಾರೋ ಮಾತಾಡುತ್ತಿದ್ದಾರೆ, ಕೆಳಗೆ ಕನ್ನಡದಲ್ಲಿ "ಲಸಿಕೆಯಿಂದ ಹೃದಯಕ್ಕೆ ಊತ" ಅಂತ ಬರೆದಿದೆ. ನಾನು ಸರ್ಟಿಫಿಕೇಟ್ ತೆಗೆದು ಲಸಿಕೆಯ ಹೆಸರಿನ ಸಾಲಿನ ಮೇಲೆ ಬೆರಳಿಟ್ಟೆ. ಕೋವಿಶೀಲ್ಡ್. "ಅಣ್ಣ, ಈ ವಿಡಿಯೋದಲ್ಲಿ ಹೇಳ್ತಿರೋದು ಫೈಜರ್, ಮಾಡರ್ನಾ ಬಗ್ಗೆ. ಅಮೆರಿಕದಲ್ಲಿ ಹಾಕಿದ್ದು. ಅದರಿಂದ ಅಪರೂಪಕ್ಕೆ ಹುಡುಗರಿಗೆ ಹೃದಯದ ಸ್ನಾಯು ಊದಿಕೊಂಡಿದ್ದು ನಿಜ. ಆದರೆ ಅವೆರಡೂ ನಮ್ಮ ದೇಶದಲ್ಲಿ ಹಾಕಿದ್ದೇ ಇಲ್ಲ. ನಿಮಗೆ ಹಾಕಿದ್ದು ಇದು, ಪುಣೆಯಲ್ಲಿ ಮಾಡಿದ್ದು."

"ಹಂಗಾದ್ರೆ ಇದರಲ್ಲಿ ಏನೂ ಇಲ್ವಾ?"

ಇದೆ ಅಂದೆ. ಇಲ್ಲ ಅಂತ ಹೇಳಿದ್ದರೆ ನಾನೂ ಇನ್ನೊಂದು ಫಾರ್ವರ್ಡ್ ಆಗುತ್ತಿದ್ದೆ. ಕೋವಿಶೀಲ್ಡ್ ತರಹದ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಆಗುತ್ತದೆ. ಅದನ್ನು ಟಿಟಿಎಸ್ ಅನ್ನುತ್ತಾರೆ. 2024ರಲ್ಲಿ ಬ್ರಿಟನ್ ಕೋರ್ಟಿನ ಕಾಗದಗಳಲ್ಲಿ ಆಸ್ಟ್ರಾಜೆನೆಕಾ ಒಪ್ಪಿದ್ದೂ ಅದನ್ನೇ. ಯುರೋಪಿನ ವೈದ್ಯರಿಗೆ ಅದು 2021ರಲ್ಲೇ ಗೊತ್ತಿತ್ತು. ಆ ತೊಂದರೆ ಬರುವುದಿದ್ದರೆ ಡೋಸ್ ಹಾಕಿದ ಕೆಲವು ವಾರದೊಳಗೆ ಬರುತ್ತದೆ. ಎರಡನೇ ಸಾಲಿನ ಮೇಲೆ ಬೆರಳಿಟ್ಟೆ. ತಾರೀಖು 2021ರ ಸೆಪ್ಟೆಂಬರ್. "ನಾಲ್ಕು ವರ್ಷ ಆಗ್ತಾ ಬಂತು ಅಣ್ಣ."

ಅವರು ಸುಮ್ಮನಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಬಂದರು. ಅಷ್ಟರಲ್ಲಿ, ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಇಂಥ ಸಾವುಗಳ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ್ದ ಸಮಿತಿಯ ವರದಿ ಬಂದಿತ್ತು. ಅದರಲ್ಲಿ ಒಂದು ಲೆಕ್ಕ ಇದೆ. 2025ರ ಏಪ್ರಿಲ್-ಮೇನಲ್ಲಿ ಜಯದೇವಕ್ಕೆ ಸೇರಿದ, 45 ವರ್ಷದ ಒಳಗಿನ 251 ಹೃದಯ ರೋಗಿಗಳನ್ನು ನೋಡಿದ್ದರು. ಅದರಲ್ಲಿ 249 ಜನ ಒಂದು ಡೋಸಾದರೂ ಲಸಿಕೆ ಹಾಕಿಸಿಕೊಂಡವರು.

"ನೋಡಿ ಅಕ್ಕ, 251ರಲ್ಲಿ 249! ಇನ್ನೇನ್ ಸಾಕ್ಷಿ ಬೇಕು?"

"ನಿಮ್ಮ ಸ್ಟ್ಯಾಂಡಲ್ಲಿ ಲಸಿಕೆ ಹಾಕಿಸ್ಕೊಳ್ಳದೇ ಇರೋರು ಯಾರಿದ್ದಾರೆ ಅಣ್ಣ?"

ಅವರು ಯೋಚನೆ ಮಾಡಿದರು. ಒಂದು ಹೆಸರು ಹೇಳಿದರು. ಆಮೇಲೆ, "ಇಲ್ಲ, ಅವನೂ ಮಗಳ ಸ್ಕೂಲಿಗೆ ಬೇಕು ಅಂತ ಹಾಕಿಸ್ಕೊಂಡ" ಅಂದರು.

ವಿಷಯ ಇರುವುದೇ ಅಲ್ಲಿ. ರಾಜ್ಯದಲ್ಲಿ 18 ದಾಟಿದವರು ಹೆಚ್ಚುಕಮ್ಮಿ ಎಲ್ಲರೂ ಹಾಕಿಸಿಕೊಂಡಿದ್ದಾರೆ. ಹಾಗಿದ್ದಾಗ ಯಾವ ಕಾಯಿಲೆಯವರನ್ನು ಸಾಲಾಗಿ ನಿಲ್ಲಿಸಿದರೂ ಹೆಚ್ಚುಕಮ್ಮಿ ಎಲ್ಲರೂ ಲಸಿಕೆಯವರೇ. ಕಾಲು ಮುರಿದುಕೊಂಡವರನ್ನು ಎಣಿಸಿದರೂ ಅಷ್ಟೇ. ಅದೇ 251 ಜನರಲ್ಲಿ ಧೂಮಪಾನಿಗಳು 111, ಬಿಪಿ ಇದ್ದವರು 102, ಶುಗರ್ ಇದ್ದವರು 87. ಇವರೆಲ್ಲ ಇನ್ನೂ 45 ದಾಟದವರು! ಕೊರೊನಾ ಬಂದು ಹೋಗಿದ್ದವರು 19 ಜನ ಮಾತ್ರ. ಈ ನಂಬರುಗಳು ಟೀವಿ ಪಟ್ಟಿಯಲ್ಲಿ ಓಡಲಿಲ್ಲ. 249 ಮಾತ್ರ ಓಡಿತು.

ಸರಿಯಾಗಿ ತಿಳಿಯಬೇಕಾದರೆ ಸತ್ತವರ ಪಕ್ಕದಲ್ಲಿ ಬದುಕಿರುವವರನ್ನೂ ಇಟ್ಟು ನೋಡಬೇಕು. ಐಸಿಎಂಆರ್ ಮಾಡಿದ್ದು ಅದನ್ನೇ. ದೇಶದ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದೊಳಗೆ ಇದ್ದಕ್ಕಿದ್ದ ಹಾಗೆ ಸತ್ತ 729 ಜನರ ವಿವರ ತೆಗೆದರು. ಅವರದೇ ವಯಸ್ಸಿನ, ಅದೇ ಸುತ್ತಮುತ್ತಲಿನ, ಬದುಕಿರುವ 2,916 ಜನರ ವಿವರವನ್ನೂ ತೆಗೆದರು. ಲಸಿಕೆ ಈ ಸಾವಿನ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಡೋಸ್ ಆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚು ಕಂಡಿದ್ದು ಕೊರೊನಾ ಜೋರಾಗಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆಯಲ್ಲಿ ಮೊದಲೇ ಇಂಥ ಸಾವು ಕಂಡವರಲ್ಲಿ, ಸಾಯುವ ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದವರಲ್ಲಿ, ಅತಿಯಾಗಿ ಮೈ ದಣಿಸಿಕೊಂಡವರಲ್ಲಿ. ರವೀಂದ್ರನಾಥ್ ಸಮಿತಿಯೂ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ ಅಂತಲೇ ಬರೆಯಿತು. ಹಾಸನದ್ದು ಅಂತ ಎಣಿಸಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯದ್ದೇ ಆಗಿರಲಿಲ್ಲ. ರಸ್ತೆ ಅಪಘಾತ, ಕರೆಂಟ್ ಶಾಕ್ ಕೂಡ ಆ ಲೆಕ್ಕದಲ್ಲಿ ಸೇರಿಬಿಟ್ಟಿತ್ತು. ಉಳಿದ ಸಾವುಗಳ ನೋವು ಇದರಿಂದ ಕಡಿಮೆ ಆಗುವುದಿಲ್ಲ. ನಿಜವಾದ ಕಾರಣ ಹುಡುಕಬೇಕಾದ್ದು ಅವರಿಗೆ ನಾವು ಕೊಡಬೇಕಾದ ಮರ್ಯಾದೆ.

ಪಹಣಿಯಲ್ಲಿ ಜಮೀನು ಯಾರದ್ದು, ಯಾವ ಬೆಳೆ ಅಂತ ಇರುತ್ತದೆ. ಬೆಳೆ ಯಾಕೆ ಒಣಗಿತು ಅಂತ ಅದರಲ್ಲಿ ಇರುವುದಿಲ್ಲ. ಈ ಸರ್ಟಿಫಿಕೇಟೂ ಹಾಗೆ. ಆದರೂ ಇದ್ದದ್ದನ್ನು ಸರಿಯಾಗಿ ಓದಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ ಅನ್ನುವುದನ್ನು ನಾನು ಕೌಂಟರಿನ ಈಚೆ ಕೂತು ನೋಡಿದ್ದೇನೆ. 2021ರಲ್ಲಿ ಬಂದಿದ್ದ ಆ ಫಾರ್ವರ್ಡ್ ನೆನಪಿದೆಯಲ್ವಾ? ಲಸಿಕೆ ಹಾಕಿಸಿಕೊಂಡವರು ಎರಡೇ ವರ್ಷದಲ್ಲಿ ಸಾಯುತ್ತಾರೆ ಅಂತ ನೊಬೆಲ್ ಪಡೆದ ಫ್ರಾನ್ಸಿನ ವಿಜ್ಞಾನಿ ಲುಕ್ ಮಾಂಟೇನಿಯೇ ಹೇಳಿದ್ದಾರೆ ಅಂತ ಇತ್ತು. ಅವರು ಹಾಗೆ ಹೇಳಿಯೇ ಇರಲಿಲ್ಲ. ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆಯ ಪಿಐಬಿ ಫ್ಯಾಕ್ಟ್ ಚೆಕ್ ಆಗಲೇ ಸುಳ್ಳು ಅಂತ ಹಾಕಿತ್ತು. ಅದನ್ನು ನಂಬಿ ಎರಡನೇ ಡೋಸ್ ಬಿಟ್ಟವರು ನನಗೆ ಗೊತ್ತು. ಇವತ್ತು ಯಾರ ಸರ್ಟಿಫಿಕೇಟಿನ ತಾರೀಖು ನೋಡಿದರೂ ಆ ಎರಡು ವರ್ಷ ದಾಟಿ ಎಷ್ಟೋ ಕಾಲ ಆಗಿದೆ. ಆ ತಾರೀಖು ಇರುವ ಮನುಷ್ಯ ನನ್ನೆದುರಿಗೇ ನಿಂತು ಪ್ರಿಂಟಿಗೆ ಚಿಲ್ಲರೆ ಹುಡುಕುತ್ತಿರುತ್ತಾರೆ.

ಕೆಲವರು "ಇದನ್ನ ಅಳಿಸಿ ಹಾಕಿ" ಅಂತಲೂ ಕೇಳಿದರು. ಕೋವಿನ್‌ನಲ್ಲಿ ದಾಖಲೆ ಹಿಂದಕ್ಕೆ ತೆಗೆಯುವ ಅವಕಾಶ ಒಂದಿದೆ. 2022ರ ಜನವರಿಯಲ್ಲಿ ತಂದಿದ್ದು. ಲಸಿಕೆ ಹಾಕದೆಯೇ ಹಾಕಿದೆ ಅಂತ ತಪ್ಪಾಗಿ ಬರೆದುಕೊಂಡಿದ್ದರೆ ಅದನ್ನು ತಿದ್ದಲು ಇರುವಂಥದ್ದು. ನಿಜವಾಗಿ ಹಾಕಿಸಿಕೊಂಡವರಿಗೆ ನಾನು ಅದನ್ನು ಮಾಡಿಕೊಡುವುದಿಲ್ಲ. ದುಡ್ಡು ಜಾಸ್ತಿ ಕೊಡುತ್ತೇನೆ ಅಂದರೂ ಇಲ್ಲ. ನಾಳೆ ನಿಜಕ್ಕೂ ಒಬ್ಬ ಡಾಕ್ಟರಿಗೆ ಆ ತಾರೀಖು ಬೇಕಾದರೆ ಎಲ್ಲಿಂದ ತರುತ್ತೀರಿ ಅಂತ ಕೇಳುತ್ತೇನೆ. ದಾಖಲೆ ಅಳಿಸಿದರೆ ಸತ್ಯವೂ ಅಳಿಯುತ್ತದೆ, ಆಮೇಲೆ ಉಳಿಯುವುದು ಬರೀ ಫಾರ್ವರ್ಡ್.

ಈ ಹೆದರಿಕೆಯಲ್ಲಿ ದುಡ್ಡು ಮಾಡಿಕೊಂಡವರ ಬಗ್ಗೆ ನನಗೆ ಸಿಟ್ಟಿದೆ. ಒಂದು ಖಾಸಗಿ ಲ್ಯಾಬ್‌ನ ಹುಡುಗ ಬಂದು ನನ್ನ ಅಂಗಡಿ ಬಾಗಿಲಲ್ಲೇ ಪ್ಯಾಂಪ್ಲೆಟ್ ಇಡಲು ಕೇಳಿದ. "ವ್ಯಾಕ್ಸಿನ್ ಸೈಡ್ ಎಫೆಕ್ಟ್ ಚೆಕಪ್" ಅಂತ ದೊಡ್ಡದಾಗಿ ಬರೆದಿತ್ತು. ಅದರಲ್ಲಿ ಡಿ-ಡೈಮರ್ ಅಂತ, ಮೈಯೊಳಗೆ ರಕ್ತ ಹೆಪ್ಪುಗಟ್ಟಿದೆಯಾ ಅನ್ನುವ ಸುಳಿವಿಗೆ ಮಾಡುವ ಒಂದು ರಕ್ತ ಪರೀಕ್ಷೆ. ವಯಸ್ಸಾದರೆ, ಸೋಂಕಾದರೆ, ಬಸುರಿಯಾದರೆ, ಆಪರೇಷನ್ ಆಗಿದ್ದರೆ ಅದು ಹೇಗೂ ಏರುತ್ತದೆ. ಹಳೇ ಲಸಿಕೆ ಏನಾದರೂ ಮಾಡಿದೆಯಾ ಅಂತ ಅದರಿಂದ ತಿಳಿಯುವುದಿಲ್ಲ. ಪ್ಯಾಂಪ್ಲೆಟ್ ಇಡಿಸಲಿಲ್ಲ. ನನ್ನ ಹತ್ತಿರ ಪ್ರಿಂಟ್ ತೆಗೆಸಲು ಬಂದ ಒಬ್ಬ ಹೋಟೆಲ್ ಕೆಲಸದ ಹುಡುಗ ಅಷ್ಟರಲ್ಲೇ ಆ ಪರೀಕ್ಷೆ ಮಾಡಿಸಿ, ಒಂದು ನಂಬರ್ ಸ್ವಲ್ಪ ಜಾಸ್ತಿ ಬಂದಿದೆ ಅಂತ ರಾತ್ರಿಯೆಲ್ಲ ನಿದ್ದೆ ಕೆಟ್ಟಿದ್ದ. ಅವನಿಗೆ ಬಿಪಿ ಒಂದು ಸಲವೂ ನೋಡಿರಲಿಲ್ಲ. ಅಷ್ಟು ದುಡ್ಡು ಕೊಟ್ಟ ಪ್ಯಾಕೇಜಿನಲ್ಲಿ ಬಿಪಿ ನೋಡುವವರೇ ಇರಲಿಲ್ಲ.

ನಾನು ಬಂದವರಿಗೆಲ್ಲ ಹೇಳಿದ್ದು ಇಷ್ಟೇ. ಸರ್ಕಾರಿ ಆಸ್ಪತ್ರೆಗೆ ಹೋಗಿ ಬಿಪಿ, ಶುಗರ್ ನೋಡಿಸಿ. ಎದೆಯಲ್ಲಿ ಒತ್ತಿದ ಹಾಗೆ ಆದರೆ, ಎಡಗೈ, ದವಡೆ ನೋವು ಬಂದು ಬೆವರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ, ತಕ್ಷಣ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಹಾಕುತ್ತಾರೆ. ಹೊರಗಡೆ ಅದಕ್ಕೆ ಸಾವಿರಾರು ರೂಪಾಯಿ. ಲಸಿಕೆ ಕಾಗದ ಹುಡುಕುವ ಹೊತ್ತಲ್ಲಿ ಆ ಇಂಜೆಕ್ಷನ್ ಸಿಗುವ ಆಸ್ಪತ್ರೆ ಎಲ್ಲಿದೆ ಅಂತ ತಿಳಿದುಕೊಂಡರೆ ಒಂದು ಜೀವ ಉಳಿಯುತ್ತದೆ.

ಇನ್ನು ನನ್ನ ರೇಟಿಂಗ್. ಕಾಗದಕ್ಕೆ ಐದರಲ್ಲಿ ನಾಲ್ಕೂವರೆ. ಒಂದು ಸೂಜಿಗೂ ತಾರೀಖು, ಬ್ಯಾಚ್, ಹಾಕಿದವರ ಹೆಸರು ಇಟ್ಟಿದ್ದಾರೆ, ಇದು ಸಣ್ಣ ಕೆಲಸ ಅಲ್ಲ. ತೆಗೆಯುವ ಸುಲಭಕ್ಕೆ ಮೂರೂವರೆ, ಫೋನಿಲ್ಲದವರನ್ನು ನೆನೆದು. ಜನರಿಗೆ ತಿಳಿಸಿ ಹೇಳಿದ್ದಕ್ಕೆ ಎರಡು. ಡೋಸ್ ಆದಮೇಲೆ ಅರ್ಧ ಗಂಟೆ ಕೂರಿಸುತ್ತಿದ್ದರು. ಯಾಕೆ ಕೂರಿಸುತ್ತಾರೆ, ಏನಾದರೂ ಆದರೆ ಎಷ್ಟು ದಿನದೊಳಗೆ ಆಗಬಹುದು, ಯಾರಿಗೆ ಹೇಳಬೇಕು ಅನ್ನುವ ನಾಲ್ಕು ಸಾಲು ಕನ್ನಡದಲ್ಲಿ ಅದೇ ಕಾಗದದ ಹಿಂದೆ ಅಚ್ಚು ಹಾಕಿ ಕೊಟ್ಟಿದ್ದರೆ, 2025ರಲ್ಲಿ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಡುತ್ತಿರಲಿಲ್ಲ. ಮುಂದೆ ಇಂಥ ಸೇವೆ ಮಾಡುವವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಲಿ.

ಸರ್ಟಿಫಿಕೇಟ್ ಬೇಕಾದವರಿಗೆ ಒಂದೆರಡು ಮಾತು. ಲಸಿಕೆ ಹೊತ್ತಲ್ಲಿ ಕೊಟ್ಟ ಸಿಮ್ ಇರುವ ಫೋನನ್ನೇ ತನ್ನಿ. ಆ ನಂಬರ್ ನಿಂತುಹೋಗುವ ಹಾಗಿದ್ದರೆ ಅದಕ್ಕೆ ಮುಂಚೆಯೇ ತೆಗೆಸಿಕೊಳ್ಳಿ. ಓಟಿಪಿಯನ್ನು ಫೋನ್ ಮಾಡಿ ಕೇಳಿದವರಿಗೆಲ್ಲ ಹೇಳಬೇಡಿ. 2023ರ ಜೂನ್‌ನಲ್ಲಿ ಟೆಲಿಗ್ರಾಮಿನ ಒಂದು ಬಾಟ್ ಲಸಿಕೆಯವರ ವಿವರ ಕೊಡುತ್ತಿದೆ ಅಂತ ದೊಡ್ಡ ಗದ್ದಲವೇ ಆಗಿತ್ತು, ಕೋವಿನ್‌ಗೆ ನೇರ ಕನ್ನ ಬಿದ್ದಿಲ್ಲ ಅಂತ ಸರ್ಕಾರ ಹೇಳಿತು. ನನ್ನ ಅಂಗಡಿಯಲ್ಲಿ ಪ್ರಿಂಟ್ ಆದ ತಕ್ಷಣ ನಿಮ್ಮೆದುರಿಗೇ ಫೈಲ್ ಅಳಿಸುತ್ತೇನೆ, ಬೇರೆ ಕಡೆ ಹೋದರೂ ಹಾಗೆ ಅಳಿಸಲು ಹೇಳಿ. ಡಿಜಿಲಾಕರ್ ಇದ್ದವರಿಗೆ ಅದರಲ್ಲೇ ಉಳಿಸಿಕೊಡುತ್ತೇನೆ. ಬರುವಾಗ ಹಳೇ ಇಸಿಜಿ, ಬಿಪಿ ಚೀಟಿ ಏನಾದರೂ ಇದ್ದರೆ ಅದನ್ನೂ ತನ್ನಿ. ಇಸಿಜಿ ಕಾಗದದ ಗೆರೆ ವರ್ಷ ಕಳೆದಂತೆ ಮಾಸಿಹೋಗುತ್ತದೆ. ಸ್ಕ್ಯಾನ್ ಮಾಡಿ ನಿಮ್ಮ ಫೋನಿಗೇ ಹಾಕಿಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ.